ಎಲ್ಲೀಗಂಟ ತಾಳ್ತದೆ?

ಗಂಗಾಧರಯ್ಯ ಮೇಷ್ಟ್ರ ಕೈಗೆ ಸಿಕ್ಕ ಯಾವ ಸಾಮಾನೂ ಇಡಿಯಾಗಿ ಉಳಿಯುತ್ತಿರಲಿಲ್ಲ. ಪೊರಕೆ ಕಡ್ಡಿ ಸಿಕ್ಕರೆ ಬಗ್ಗಿಸುತ್ತಾ ಹೋಗಿ ಲಟಕ್ಕನೆ ಮುರಿಯುವರು. ಸೈಕಲ್ ಟ್ಯೂಬಿನ ಚೂರು ಸಿಕ್ಕರೆ ಜಗ್ಗಿ ಜಗ್ಗಿ ಹರಿಯುವರು. ಆಮೇಲೆ ಎರಡು ತುಂಡನ್ನೂ ಕಣ್ಣ ಹತ್ತಿರ ಹಿಡಿದು, ಏನೋ ಕಳೆದುಕೊಂಡವರ ಹಾಗೆ ನೋಡುತ್ತಾ ಕೂರುವರು.

ಮಕ್ಕಳೇ, ಇದು ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದ ಹೊಸತು, ಅರವತ್ತರ ದಶಕದ ಕೊನೆಯ ಮಾತು. ನಮ್ಮ ಮಗ್ಗದ ಮನೆಯ ಮುಂದಿನ ಕೋಣೆಯಲ್ಲಿ ಮೇಷ್ಟ್ರು ಬಾಡಿಗೆಗಿದ್ದರು. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಏನು ಕಂಡರೂ ಅವರದು ಒಂದೇ ಪ್ರಶ್ನೆ: "ಇದು ಎಲ್ಲೀಗಂಟ ತಾಳ್ತದೆ?"

"ಕಬ್ಬಿಣಕ್ಕೂ ಒಂದು ಗಡಿ ಐತೆ, ಮೇಣಕ್ಕೂ ಐತೆ, ಜ್ವರಕ್ಕೂ ಐತೆ ಕಣಮ್ಮ. ಅಲ್ಲೀಗಂಟ ಏನೂ ಆಗ್ದಂಗೇ ಇರ್ತದೆ. ದಾಟಿದ್ಮೇಲೆ ಅದು ಬೇರೇನೇ" ಎನ್ನುವರು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಗಂಡಸರ ಎದುರು ಮಾತೂ ಬರುತ್ತಿರಲಿಲ್ಲ. ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಒಂದು ಸಲ ನಮ್ಮತ್ತೆ ಕಜ್ಜಾಯಕ್ಕೆ ಬೆಲ್ಲದ ಪಾಕ ಇಟ್ಟಿದ್ದರು. ಮೇಷ್ಟ್ರು ಹಿತ್ತಲ ಬಾಗಿಲಿನಿಂದ ಇಣುಕಿ, "ತಾಯೀ, ಇಳಿಸ್ಬಿಡಿ, ಗಡಿ ದಾಟ್ತದೆ" ಅಂದರು.

"ಸ್ಕೂಲಲ್ಲಿ ಹುಡುಗರು ಸಾಲ್ದು ಅಂತ ನನ್ನ ಒಲೆಗೂ ಪಾಠ ಹೇಳೋಕ್ ಬಂದ್ರಾ ಮೇಷ್ಟ್ರೇ?" ಅಂದರು ಅತ್ತೆ. ಆ ಹೊತ್ತಿಗೆ ಪಾಕ ಇನ್ನೂ ನೀರು ನೀರಾಗಿತ್ತು. ಮೇಷ್ಟ್ರ ಮಾತು ಕೇಳಿದ್ದರೆ ಅವತ್ತು ಕಜ್ಜಾಯವೇ ಆಗುತ್ತಿರಲಿಲ್ಲ. ಅವರೂ ನಕ್ಕು ಹೋದರು.

ನಾನು ನಂದಗುಡಿ ಕಡೆಯವಳು. ನಮ್ಮಪ್ಪನ ಕಾಲಕ್ಕೇ ನಮ್ಮ ಮನೆಯಲ್ಲಿ ಮಗ್ಗ ಬಿಟ್ಟು ತರಕಾರಿ ಬೆಳೆಯುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಕರೆಂಟಿನ ಮಗ್ಗ ಕಲಿತೆ. ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅದರಲ್ಲಿ ಒಂದೆಳೆ ಹರಿದರೂ ಮಗ್ಗ ನಿಲ್ಲಿಸಿ, ಹುಡುಕಿ, ಗಂಟು ಹಾಕಬೇಕು. ನೋಡದೆ ಬಿಟ್ಟರೆ ಸೀರೆಯುದ್ದಕ್ಕೂ ಗೀರು.

ಆ ಬೇಸಿಗೆಯಲ್ಲಿ ನನ್ನ ಮಗ್ಗದ ಎಳೆಗಳು ಹರಿಯತೊಡಗಿದವು. ಕಟ್ಟಿದರೆ ಹರಿಯುವುದು, ಕಟ್ಟಿದರೆ ಹರಿಯುವುದು. ಅತ್ತೆ ಚೊಂಬಿನಲ್ಲಿ ನೀರು ತಂದು ಹಾಸಿನ ಮೇಲೆ ಚಿಮುಕಿಸುತ್ತಿದ್ದರು. ಆದರೂ ಹರಿಯುತ್ತಿತ್ತು. ಇನ್ನಷ್ಟು ಚಿಮುಕಿಸುವರು, ಇನ್ನಷ್ಟು ಹರಿಯುವುದು.

"ಕೈಗುಣ ಸರಿಯಿಲ್ಲ ಇವಳದ್ದು. ಯುಗಾದಿ ಕಳೀಲಿ, ಅವರಪ್ಪನ್ನ ಕರೆಸಿ ಕಳಿಸ್ಬಿಡ್ತೀನಿ. ಅಲ್ಲೇ ಬದನೆಕಾಯಿ ಕುಯ್ಕೊಂಡಿರ್ಲಿ" ಅಂದರು. ಬಾಯಿ ಮಾತಿಗೆ ಅಂದಿದ್ದಲ್ಲ, ನಮ್ಮೂರಿಗೆ ಹೇಳಿಯೂ ಕಳಿಸಿದ್ದರು. ನಿಮ್ಮ ತಾತ ತಾಯಿಯ ಎದುರು ಬಾಯಿ ಬಿಡುವವರಲ್ಲ. ಊರಲ್ಲಿ ನನ್ನ ಹಿಂದೆ ಮದುವೆಯಾಗದ ಇಬ್ಬರು ತಂಗಿಯರಿದ್ದರು. ನಾನು ಹಾಗೆ ಹಿಂದಿರುಗಿದರೆ ಅವರನ್ನು ಯಾರು ಕೇಳುತ್ತಾರೆ?

ಮೇಷ್ಟ್ರು ಜಗಲಿಯಲ್ಲಿ ಕೂತು ಇದೆಲ್ಲ ಕೇಳಿಸಿಕೊಂಡಿದ್ದರು. ಮಾರನೆಯ ಬೆಳಿಗ್ಗೆ, "ತಾಯೀ, ಹಾಸಿನ ಮೇಲೆ ನೀರು ಯಾಕೆ ಹಾಕ್ತೀರಿ?" ಅಂದರು.

"ನೂಲಿಗೆ ನೀರು ಬಿದ್ರೆ ಗಟ್ಟಿಯಾಗ್ತದೆ. ಕೈಮಗ್ಗದ ಕಾಲದಿಂದ್ಲೂ ಮಾಡ್ಕೊಂಡ್ಬಂದಿದ್ದೀವಿ."

ಮೇಷ್ಟ್ರು ಕಿಟಕಿಯ ಸರಳಿಗೆ ಹತ್ತಿ ನೂಲಿನ ಒಂದೆಳೆ ಕಟ್ಟಿ, ಕೆಳಗೆ ಹಗುರವಾದ ಡಬ್ಬಿ ನೇತುಹಾಕಿ, ಚಮಚದಿಂದ ಮರಳು ಸುರಿಯುತ್ತಾ ಹೋದರು. ಎಳೆ ಹರಿಯಿತು. ಒದ್ದೆ ಮಾಡಿದ ಎಳೆ ಕಟ್ಟಿದರು. ಅದು ಇನ್ನೂ ಹೆಚ್ಚು ಮರಳು ತಾಳಿತು.

"ನಾನೇನಂದೆ?" ಅಂದರು ಅತ್ತೆ, ಸೊಂಟದ ಮೇಲೆ ಕೈಯಿಟ್ಟು.

ಆಮೇಲೆ ನಾವು ಆಗ ನೇಯುತ್ತಿದ್ದ ಆರ್ಟ್ ಸಿಲ್ಕ್, ಅಂದರೆ ಕಾರ್ಖಾನೆಯ ನಕಲಿ ರೇಷ್ಮೆಯ ಎಳೆ ಕಟ್ಟಿದರು. ಒಣಗಿದ್ದು ಚೆನ್ನಾಗಿಯೇ ತಾಳಿತು. ಒದ್ದೆ ಮಾಡಿದ್ದು ಡಬ್ಬಿ ಅರ್ಧ ತುಂಬುವ ಮೊದಲೇ ಹರಿದು, ಮರಳೆಲ್ಲ ಅತ್ತೆಯ ಕಾಲ ಮೇಲೆ ಸುರಿಯಿತು.

"ಇನ್ನೊಂದ್ಸಲ ಹಾಕಿ" ಅಂದರು ಅತ್ತೆ. ಮತ್ತೆ ಹಾಗೇ ಆಯಿತು. ತಾವೇ ಒಂದೆಳೆ ತೆಗೆದುಕೊಂಡು ಎಂಜಲು ಹಚ್ಚಿ ಎಳೆದು ನೋಡಿದರು. ಚೊಂಬು ಎತ್ತಿಕೊಂಡು ಒಳಗೆ ಹೋದರು. ಅವತ್ತಿನಿಂದ ಹಾಸಿನ ಮೇಲೆ ನೀರು ಬೀಳಲಿಲ್ಲ, ಎಳೆ ಹರಿಯುವುದೂ ಕಡಿಮೆಯಾಯಿತು. ನನ್ನನ್ನು ಕಳಿಸುವ ಮಾತೂ ಮತ್ತೆ ಬರಲಿಲ್ಲ.

ಯುಗಾದಿಯಾದ ಮೇಲೆ ಅತ್ತೆ ನನ್ನನ್ನು ಕರೆದರು. "ಕೈ ಸರಿಗೈತೆ ಅಂತ ಮೇಷ್ಟ್ರೇ ತೋರಿಸ್ಬಿಟ್ರಲ್ಲ. ಪಕ್ಕದ ಮಗ್ಗಾನೂ ನೀನೇ ನೋಡ್ಕೋ. ಕೂಲಿಯವನ್ನ ಬಿಡಿಸ್ಬಿಟ್ಟೆ."

ಎರಡು ಮಗ್ಗದ ನಡುವೆ ನಿಂತೆ. ಸಂಜೆಗೆ ಕಾಲು ಬಾತುಕೊಳ್ಳುತ್ತಿತ್ತು. ಮಲಗಿದರೂ ಕಿವಿಯೊಳಗೆ ಲಾಳಿ ಹೊಡೆಯುತ್ತಲೇ ಇರುತ್ತಿತ್ತು. ಕೂತಲ್ಲೇ ಅನ್ನದ ತಟ್ಟೆಯ ಮೇಲೆ ತೂಕಡಿಸಿದ್ದೂ ಉಂಟು. ಯಾರಾದರೂ ಕೇಳಿದರೆ, "ಏನೂ ಆಗಿಲ್ಲ" ಅನ್ನುತ್ತಿದ್ದೆ. ಕಳಿಸದೆ ಇಟ್ಟುಕೊಂಡಿದ್ದಾರೆ, ಅಷ್ಟೇ ಸಾಕು ಅನ್ನಿಸಿತ್ತು.

ಹಾಗೆ ಅಂದದ್ದು ಒಂದು ದಿನ ಮೇಷ್ಟ್ರ ಕಿವಿಗೂ ಬಿತ್ತು. ಅವರ ಮುಖ ಒಂಥರಾ ಆಯಿತು. "ನಮ್ಮೋಳೂ ಹಿಂಗೇ ಅಂತಿದ್ಳು ಕಣಮ್ಮ. ಮೈ ಸುಡ್ತಿದ್ರೂ ಏನೂ ಆಗಿಲ್ಲ ಅಂತ ನೀರು ಸೇದೋಳು. ನಾನು ನಂಬ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ನೂಲಾದ್ರೆ ಹರಿದ ಮೇಲೆ ಇನ್ನೊಂದೆಳೆ ತಗೊಂಡು ನೋಡ್ಬೋದು" ಅಂದರು.

ಅವತ್ತೇ ಅತ್ತೆಯ ಹತ್ತಿರ ಹೋಗಿ, "ತಾಯೀ, ಆ ಹುಡುಗಿಗೆ ಒಂದು ಮಗ್ಗ ಸಾಕು" ಅಂದರು.

"ನಿಮ್ಮ ಬಾಡಿಗೆ ಆ ಹೊಸ್ತಿಲಿಗೆ ಮುಗೀತದೆ ಮೇಷ್ಟ್ರೇ. ಇದು ಒಳಮನೆ."

ಮೇಷ್ಟ್ರು ತಲೆ ತಗ್ಗಿಸಿ ಹೊರಟರು. ಆಮೇಲೆ ಅವರು ಏನನ್ನೂ ಮುರಿದದ್ದು ನಾನು ಕಾಣಲಿಲ್ಲ. ಜಗಲಿಯಲ್ಲಿ ಬರಿಗೈಯಲ್ಲಿ ಕೂತಿರುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಅವರಿಗೆ ನೆಲಮಂಗಲದ ಕಡೆಗೆ ವರ್ಗವಾಯಿತು. ಹೊರಡುವ ದಿನ ಟ್ರಂಕು ಹಿಡಿದು ಮಗ್ಗದ ಮನೆಯ ಬಾಗಿಲಿಗೆ ಬಂದರು. ಎರಡು ಮಗ್ಗದ ಸದ್ದಿನಲ್ಲಿ ಅವರ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ನಾನು ಸುಮ್ಮನೆ ತಲೆಯಾಡಿಸಿದೆ. ಅಷ್ಟರಲ್ಲಿ ಬಲಗಡೆಯ ಮಗ್ಗದಲ್ಲಿ ಎಳೆ ಹರಿಯಿತು. ಬಗ್ಗಿ, ಹುಡುಕಿ, ಗಂಟು ಹಾಕಿ ತಲೆಯೆತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.