ಕೋಳಿ, ಬಸ್ಸು ಮತ್ತು ಮುರಿದ ವಿಮಾನ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಆದ್ದರಿಂದ ಬರೆಯಲು ಕುಳಿತಾಗಲೆಲ್ಲ ಯಾರೋ ಬೆನ್ನ ಹಿಂದೆ ನಿಂತು ಕೆಂಪು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾರೆ ಎಂಬ ಅಳುಕು ನನ್ನನ್ನು ಬಿಡುವುದಿಲ್ಲ. ಹೇಳಬೇಕಾದುದನ್ನು ಬಿಟ್ಟು ಹೇಳಬಾರದುದನ್ನು ಹೇಳಿದ್ದರೆ, ಜೊತೆಯಲ್ಲಿ ನಡೆಯುವವರು ಕಾಲೆಡವಿದವನನ್ನು ಸಹಿಸುವಂತೆ, ನೀವೂ ಸಹಿಸಿಕೊಳ್ಳಬೇಕು.

ನನ್ನ ಮೇಜಿನ ಮೇಲೆ ಈಗ ಒಂದು ಪ್ಲಾಸ್ಟಿಕ್ ವಿಮಾನವಿದೆ. ಗೇಣುದ್ದದ್ದು. ಎಡಗಡೆಯ ರೆಕ್ಕೆ ಇಲ್ಲ. ಮೂತಿ ಮೇಣದಬತ್ತಿಯ ಉರಿಗೆ ಕರಗಿ ಸೊಟ್ಟಗಾಗಿದೆ. ಅಡುಗೆಮನೆಯ ಕಡೆಯಿಂದ ರಾಗಿ ಮೊಳಕೆಯ ಹಸಿ ವಾಸನೆ ಬರುತ್ತಿದೆ. ನವರಾತ್ರಿಗೆ ಇನ್ನು ವಾರವಿದೆ. ಈ ವಾಸನೆ ಮೂಗಿಗೆ ತಾಗಿದ ಕೂಡಲೇ ನನಗೆ ಅಕ್ಕ ನೆನಪಾಗುತ್ತಾಳೆ. ಅವಳೇನೂ ದೂರದಲ್ಲಿಲ್ಲ, ಕೆಂಗೇರಿಯಲ್ಲಿದ್ದಾಳೆ. ಚಂದ್ರಾ ಲೇಔಟಿನ ನಮ್ಮ ಮನೆಗೆ ಅರ್ಧ ಗಂಟೆಯ ಹಾದಿ. ಆದರೆ ನಾನು ಹಂಬಲಿಸುವುದು ಮಂಡಿಯೂರಿ ಕುಳಿತು, ನಾಲಿಗೆಯ ತುದಿಯನ್ನು ತುಟಿಯಂಚಿಗೆ ತಂದುಕೊಂಡು, ಮರಳಿನಲ್ಲಿ ಬೆರಳಿನಿಂದ ರಸ್ತೆ ಎಳೆಯುತ್ತಿದ್ದ ಅಕ್ಕನಿಗಾಗಿ.

ವಿಮಾನದ ಕಥೆ ಆರಂಭವಾದದ್ದು ಮೂರು ವರ್ಷಗಳ ಹಿಂದೆ, ಒಂದು ಯುದ್ಧದಿಂದ. ಗಾಬರಿಯಾಗಬೇಡಿ, ಮೇಜಿನ ಮೇಲಿನ ಯುದ್ಧ. ನನ್ನ ಸಹೋದ್ಯೋಗಿ ಮಂಜುನಾಥನ ಬಸವೇಶ್ವರನಗರದ ಮನೆಯಲ್ಲಿ ಶನಿವಾರಗಳಂದು ನಾವು ನಾಲ್ವರು ಸೇರುತ್ತಿದ್ದೆವು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೈನಿಕರನ್ನು ಎರಡು ಬಣವಾಗಿ ನಿಲ್ಲಿಸಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಮುಂದೆ ಸಾಗಿಸುವ ಆಟ. ಸೈನಿಕರಿಗೆ ಅಡಗಿಕೊಳ್ಳಲು ಮೇಜಿನ ಮೇಲೆ ಸುಟ್ಟ ಲಾರಿ, ಬಿದ್ದ ವಿಮಾನ ಮುಂತಾದ ಅವಶೇಷಗಳು ಬೇಕು. ಅವರೆಲ್ಲ ಒಳ್ಳೆಯ ಶಾಲೆಗಳಲ್ಲಿ ಓದಿದವರು. ಅವರ ನಡುವೆ ನಾನು ದಂಡಪಿಂಡವಾಗಬಾರದೆಂಬ ಆತಂಕದಲ್ಲಿ, ಯಾರೂ ಕೇಳುವ ಮೊದಲೇ, "ಅವಶೇಷ ನಾನು ತರ್ತೀನಿ" ಎಂದುಬಿಟ್ಟೆ.

ಮಾದರಿಗಳನ್ನೇ ಮಾರುವ ಅಂಗಡಿಗೆ ಹೋಗಿ, ವಿದೇಶದಿಂದ ಬಂದ ಒಂದು ವಿಮಾನದ ಪೆಟ್ಟಿಗೆಯ ಬೆಲೆ ನೋಡಿ, ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ಕೊಟ್ಟು ತಂದು, ಅಂದವಾಗಿ ಜೋಡಿಸಿ, ಆಮೇಲೆ ಸುಡುವುದೇ? ಹಾಲಿನ ಪ್ಯಾಕೆಟ್ಟನ್ನೂ ತೊಳೆದು ಒಣಗಿಸಿಡುವ ಮನೆಯಿಂದ ಬಂದವನಿಗೆ ಅದು ಸಾಧ್ಯವಾಗಲಿಲ್ಲ. ಅಗ್ಗದ ಆಟಿಕೆ ಹುಡುಕಿಕೊಂಡು ಮಾರೇನಹಳ್ಳಿಯ ಅಂಗಡಿಯೊಂದಕ್ಕೆ ಹೋದೆ.

"ಮಗೂಗೆ ಎಷ್ಟು ವರ್ಷ ಸಾರ್?" ಎಂದರು ಅಂಗಡಿಯವರು.

ನನಗೆ ಮದುವೆಯೇ ಆಗಿರಲಿಲ್ಲ. "ಐದು," ಎಂದೆ. ಸೈನಿಕರ ಎತ್ತರಕ್ಕೆ ಹೊಂದಬೇಕಲ್ಲ ಎಂದು ಜೇಬಿನಿಂದ ಪುಟ್ಟ ಅಳತೆಪಟ್ಟಿ ತೆಗೆದು ಲಾರಿಯೊಂದರ ಬಾಗಿಲನ್ನು ಅಳೆಯತೊಡಗಿದೆ.

"ಅಳತೆ ಯಾಕೆ ಸಾರ್? ಇದೇನು ಚಪ್ಲಿನಾ?"

ಅಲ್ಲಿ ಯಾವುದೂ ಅಳತೆಗೆ ಹೊಂದಲಿಲ್ಲ. ಬಿನ್ನಿಪೇಟೆಯ ಗುಜರಿಯವನು ಇನ್ನೂ ನೇರವಾಗಿದ್ದ. ಮುರಿದ ಆಟಿಕೆಗಳಿವೆಯೇ ಎಂದು ಕೇಳಿದ್ದಕ್ಕೆ ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಎಲ್ರೂ ಒಳ್ಳೇದಿದ್ಯಾ ಅಂತ ಕೇಳ್ತಾರಣ್ಣ," ಎಂದು ಒಂದು ಚೀಲ ಸುರಿದ. ಗೊಂಬೆಗಳ ಕೈಗಳು, ಸೈಕಲ್ಲಿನ ಚಕ್ರಗಳು, ಬಾಲವಿಲ್ಲದ ಆನೆ. ನನ್ನ ಮುಖ ಬಾಡಿದ್ದನ್ನು ಕಂಡು ಸಮಾಧಾನ ಹೇಳಿದ: "ಮಕ್ಳು ಮುರಿದ್ರೆ ಪೂರ್ತಿ ಮುರೀತಾರೆ. ನಿಮ್ಗೆ ಬೇಕಾದಂಗೆ ಅರ್ಧ ಮುರಿಯಲ್ಲ."

ಆಗ ನೆನಪಾದದ್ದು ನಮ್ಮ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮದು ಪಟ್ಟದ ಗೊಂಬೆ ಇದ್ದ ಮನೆತನವಲ್ಲ. ಅಮ್ಮ ಬಾಡಿಗೆಮನೆಯ ಮಾಲೀಕರಲ್ಲಿ ಗೊಂಬೆ ಕೂರಿಸುವುದನ್ನು ನೋಡಿ ಆಸೆಪಟ್ಟು ಚನ್ನಪಟ್ಟಣದ ಒಂದು ಜೋಡಿ ತಂದಳು. ಮೆಟ್ಟಿಲುಗಳ ಮೇಲಿನದು ಅಮ್ಮನ ರಾಜ್ಯ. ಕೆಳಗೆ ನೆಲದ ಮೇಲಿನ ಪಾರ್ಕು ಅಕ್ಕನದು. ಕಟ್ಟಡ ಕಟ್ಟುವಲ್ಲಿಂದ ಮರಳು ತಂದು ಜರಡಿ ಹಿಡಿಯುತ್ತಿದ್ದಳು. ತಟ್ಟೆಗಳಲ್ಲಿ ಬೆಳೆದ ರಾಗಿ ಪೈರು ಹುಲ್ಲುಹಾಸಾಗುತ್ತಿತ್ತು, ಒಡೆದ ಕನ್ನಡಿ ಕೆರೆಯಾಗುತ್ತಿತ್ತು. ಒಂದು ಬಸ್ಸು, ಎರಡು ಲಾರಿ, ಆಮೇಲೆ ಬಂದು ಸೇರಿದ ಈ ವಿಮಾನ. ಎಲ್ಲಕ್ಕಿಂತ ಮುಂದೆ, ಬಸ್ಸಿನಷ್ಟೇ ದೊಡ್ಡದಾದ ಒಂದು ಮಣ್ಣಿನ ಕೋಳಿ. ಬೀದಿಯ ಮಕ್ಕಳು ಅಮ್ಮ ಕೊಡುವ ಉಸಲಿಗಾಗಿ ಬಂದು ಪಾರ್ಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಏಳುತ್ತಲೇ ಇರಲಿಲ್ಲ. ಹತ್ತನೆಯ ತರಗತಿ ಪಾಸಾಗದೆ ಗಾರ್ಮೆಂಟ್ಸ್ ಸೇರಿದ ಮೇಲೂ ಅಕ್ಕ ಪಾರ್ಕು ಬಿಡಲಿಲ್ಲ. ನನ್ನ ಕಾಲೇಜಿನ ಶುಲ್ಕ ಹೋಗುತ್ತಿದ್ದುದು ಅವಳ ಸಂಬಳದಿಂದಲೇ.

ಪದವಿಯ ಕೊನೆಯ ವರ್ಷ ಮೂವರು ಸ್ನೇಹಿತರನ್ನು ಗೊಂಬೆ ನೋಡಲು ಕರೆದೆ. ಅವರಿಗಾಗಿ ಪಕ್ಕದ ಮನೆಯಿಂದ ಕುರ್ಚಿಗಳನ್ನೂ ತಂದಿದ್ದೆ. ಅವರಲ್ಲೊಬ್ಬ ಪಾರ್ಕನ್ನು ನೋಡಿ ನಕ್ಕ. "ಈ ಕೋಳಿ ಬಸ್ಸನ್ನೇ ನುಂಗ್ತದೆ ಮಗಾ."

"ನಮ್ಮಕ್ಕ ಟೆಂತ್ ಫೇಲು," ಎಂದೆ. "ಅವಳಿಗೆ ಅಳತೆ ಗಿಳತೆ ಗೊತ್ತಾಗಲ್ಲ ಬಿಡು."

ತಿರುಗಿ ನೋಡಿದರೆ ಅಕ್ಕ ಉಸಲಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಒಳಗೆ ಬಂದಳು. ಎಲ್ಲರಿಗೂ ಬಡಿಸಿದಳು. ನಕ್ಕವನನ್ನೇ, "ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದಳು. ಮರುದಿನ ಬೆಳಿಗ್ಗೆ ನೋಡಿದರೆ ಪಾರ್ಕಿನಲ್ಲಿ ಕೋಳಿ ಇರಲಿಲ್ಲ. ಎಲ್ಲಿ ಎಂದು ಯಾರೂ ಕೇಳಲಿಲ್ಲ; ನಾನಂತೂ ಕೇಳಲಿಲ್ಲ. ಮುಂದಿನ ವರ್ಷ ಅವಳು ಓವರ್‌ಟೈಮ್ ಇದೆ ಎಂದಳು. ಅದರ ಮುಂದಿನ ವರ್ಷ ಮದುವೆಯಾಗಿ ಕೆಂಗೇರಿಗೆ ಹೋದಳು. ಹಬ್ಬಕ್ಕೆ ಬರುತ್ತಿದ್ದಳು, ಉಣ್ಣುತ್ತಿದ್ದಳು, ನಗುತ್ತಿದ್ದಳು. ಪೆಟ್ಟಿಗೆಯನ್ನು ಮಾತ್ರ ಮುಟ್ಟಲಿಲ್ಲ. "ಪಾರ್ಕಿಲ್ದೆ ಗೊಂಬೆ ಯಾಕೆ?" ಎಂದು ಅಮ್ಮನೂ ನಿಲ್ಲಿಸಿದಳು. ಒಂದು ಮಾತಿನಿಂದ ಒಂದು ಹಬ್ಬ ನಿಂತುಹೋದದ್ದು ನನಗೆ ಗೊತ್ತಿತ್ತು. ಕ್ಷಮೆ ಕೇಳಲು ಸರಿಯಾದ ವಾಕ್ಯವನ್ನು ಹುಡುಕುತ್ತಲೇ ವರ್ಷಗಳನ್ನು ಕಳೆದೆ.

ಅಂಥವನು ಮೂರು ವರ್ಷಗಳ ಹಿಂದೆ ಅಮ್ಮನನ್ನು ಕೇಳಿದ್ದು ಹೀಗೆ: "ಅಮ್ಮ, ಪೆಟ್ಟಿಗೆ ಇಳಿಸ್ಲಾ? ಆ ಆಟದ ಸಾಮಾನು ಜೋಡಿಸ್ಬೇಕಿತ್ತು."

"ಜೋಡಿಸ್ತೀಯಾ?" ಎಂದು ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಹೂಂ."

ಪೆಟ್ಟಿಗೆಯಲ್ಲಿ ಕೋಳಿ ಇರಲಿಲ್ಲ. ವಿಮಾನ ಮಾತ್ರ ಅಳತೆಗೆ ಹೇಳಿ ಮಾಡಿಸಿದಂತಿತ್ತು. ಅದನ್ನು ಕೋಣೆಗೆ ಒಯ್ದು, ಗರಗಸದ ಅಲಗಿನಿಂದ ರೆಕ್ಕೆ ಕೊಯ್ದು, ಮೂತಿ ಸುಟ್ಟು, ತುಕ್ಕಿನ ಬಣ್ಣ ಬಳಿಯುವುದರಲ್ಲಿ ನಾಲ್ಕು ಸಂಜೆ ಕಳೆದವು. ಸತ್ಯ ಹೇಳಬೇಕೆಂದರೆ ಸಂತೋಷವಾಗಿತ್ತು. ಐದನೆಯ ದಿನ ಅಮ್ಮ ಬಾಗಿಲು ದೂಡಿ ಒಳಗೆ ಬಂದಳು. ಅವಳ ಕೈಯಲ್ಲೊಂದು ತಟ್ಟೆ, ತಟ್ಟೆಯ ತುಂಬ ಆಗಷ್ಟೇ ತಲೆಯೆತ್ತಿದ ಹಸಿರು ರಾಗಿ ಪೈರು.

ನವರಾತ್ರಿ ಹತ್ತಿರ ಬಂದಿದ್ದುದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಅಮ್ಮ ವಿಮಾನವನ್ನು ನೋಡಿದಳು. ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು. "ಜೋಡಿಸ್ತೀನಿ ಅಂದ್ಯಲ್ಲೋ."

"ಇದು ಬೇರೆ ಆಟಕ್ಕಮ್ಮ."

"ತಮ್ಮ ಪೆಟ್ಟಿಗೆ ಇಳಿಸಿದಾನೆ ಬಾ ಅಂತ ಅವಳಿಗೆ ಫೋನ್ ಮಾಡ್ಬಿಟ್ಟೆ ಕಣೋ. ಭಾನುವಾರ ಬರ್ತಾಳೆ." ಆಮೇಲೆ ವಿಮಾನವನ್ನು ತೋರಿಸಿ, "ಅವಳ ಮೊದಲ್ನೇ ಸಂಬಳದಲ್ಲಿ ತಂದಿದ್ದು ಅದು," ಎಂದಳು.

ಅದು ನನಗೆ ಮರೆತಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಗರಗಸ ಹಿಡಿದಾಗ ನೆನಪಾಗಿತ್ತು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ವಸ್ತು ತಾನೇ ಎಂದು ನೆನಪನ್ನು ಪಕ್ಕಕ್ಕೆ ಸರಿಸಿದ್ದೆ.

ಶನಿವಾರ ಯುದ್ಧಕ್ಕೆ ಹೋಗದೆ ಮತ್ತೆ ಮಾರೇನಹಳ್ಳಿಗೆ ಓಡಿದೆ. ಅಂಥದೇ ವಿಮಾನ ಬೇಕೆಂದೆ. ಅಂಗಡಿಯವರು ನನ್ನನ್ನು ಗುರುತು ಹಿಡಿದರು. "ಮಗು ಮುರಿದಾಕ್ತಾ ಸಾರ್?"

"ಹೌದು," ಎಂದೆ.

"ಬಯ್ಯಬೇಡಿ ಸಾರ್. ಗೊತ್ತಾಗಲ್ಲ ಅವಕ್ಕೆ."

ಅಂಥ ವಿಮಾನ ಈಗ ಬರುತ್ತಿಲ್ಲವಂತೆ. ಬರಿಗೈಯಲ್ಲಿ ಮರಳಿದೆ.

ಭಾನುವಾರ ಅಕ್ಕ ಬಂದಳು. ನಾನು ಸಿದ್ಧಪಡಿಸಿಕೊಂಡಿದ್ದ ವಾಕ್ಯಗಳನ್ನೆಲ್ಲ ಬಿಟ್ಟುಬಿಟ್ಟೆ. ವಿಮಾನವನ್ನು ಅವಳ ಮುಂದೆ ಹಿಡಿದು, "ಅಕ್ಕ, ನಾನೇ ಮುರಿದೆ," ಎಂದೆ. "ಅವತ್ತು ಕೋಳಿ ವಿಷಯದಲ್ಲೂ ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು."

ಅವಳು ವಿಮಾನವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಾನು ಟೆಂತಲ್ಲಿ ಫೇಲಾಗಿದ್ದು ಇಂಗ್ಲಿಷು ಕಣೋ," ಎಂದಳು. "ಲೆಕ್ಕದಲ್ಲಿ ಎಪ್ಪತ್ತೆಂಟು ಬಂದಿತ್ತು. ನೀನು ಕೇಳ್ಲೇ ಇಲ್ಲ."

ಅವಳು ತನ್ನ ಚೀಲವನ್ನು ತೆರೆದು, ಹಳೆಯ ದುಪಟ್ಟಾದ ತುಂಡಿನಲ್ಲಿ ಸುತ್ತಿದ್ದ ಏನನ್ನೋ ಬಿಚ್ಚಿ ನೆಲದ ಮೇಲಿಟ್ಟಳು. ಕೋಳಿ. ಅಷ್ಟು ವರ್ಷವೂ ಅದು ಕೆಂಗೇರಿಯ ಅವಳ ಮನೆಯಲ್ಲಿತ್ತು.

"ಮರಳೆಲ್ಲಿ?" ಎಂದಳು. "ಹೋಗು, ತಗೊಂಬಾ."

ಸಂಜೆಯವರೆಗೆ ಅವಳು ಮಂಡಿಯೂರಿಯೇ ಇದ್ದಳು. ವಿಮಾನದ ಸರದಿ ಬಂದಾಗ ಅಮ್ಮ ತಡೆದಳು. "ಮುರಿದಿದ್ದನ್ನ ಕೂರಿಸ್ಬಾರ್ದು ಕಣೇ."

"ಮೆಟ್ಲ ಮೇಲೆ ತಾನೇ ಕೂರಿಸ್ಬಾರ್ದು? ಪಾರ್ಕಲ್ಲಿ ಒಂದು ಗ್ಯಾರೇಜ್ ಇರ್ಲಿ ಬಿಡಮ್ಮ." ಆಮೇಲೆ ನನ್ನ ಕಡೆ ತಿರುಗಿದಳು. "ನಿನ್ನ ಸೈನಿಕರನ್ನ ತಗೊಂಡು ಬಾರೋ. ಕೆಲಸಕ್ಕೆ ಜನ ಬೇಕು."

ಪುಟ್ಟ ಸೈನಿಕರನ್ನು ಎಲ್ಲಕ್ಕಿಂತ ಹಿಂದೆ, ವಿಮಾನದ ಸುತ್ತ ನಿಲ್ಲಿಸಿದಳು. ಕೋಳಿ ಎಲ್ಲಕ್ಕಿಂತ ಮುಂದೆ. ನಾನು ಕೈ ಕಟ್ಟಿಕೊಂಡು ನೋಡುತ್ತಿದ್ದೆ. ಕೋಳಿ ಈಗಲೂ ಬಸ್ಸಿನಷ್ಟೇ ದೊಡ್ಡದಾಗಿತ್ತು.

"ನಿಂತ್ಕೊಂಡು ಏನ್ ನೋಡ್ತೀಯ? ಮಕ್ಳ ಥರ ಕೆಳಗೆ ಕೂತ್ಕೊ."

ಕುಳಿತೆ. ನನ್ನ ಕಣ್ಣು ಪಾರ್ಕಿನ ಮಟ್ಟಕ್ಕೆ ಇಳಿಯಿತು. ಕೋಳಿ ನನ್ನದೇ ಅಂಗಳದಲ್ಲಿ ನಿಂತಿತ್ತು. ಅದರಾಚೆ ರಾಗಿಯ ಹೊಲ, ಹೊಲದಾಚೆ ದೂರದ ರಸ್ತೆಯಲ್ಲಿ ಬಸ್ಸು, ಇನ್ನೂ ಆಚೆ, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಷ್ಟು ದೂರದಲ್ಲಿ, ಬಿದ್ದ ವಿಮಾನವೊಂದನ್ನು ರಿಪೇರಿ ಮಾಡುತ್ತಿದ್ದ ಜನ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಎಲ್ಲವೂ ಅಳತೆಗೆ ಸರಿಯಾಗಿತ್ತು. ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಅಂದು ಸ್ನೇಹಿತರಿಗಾಗಿ ಪಕ್ಕದ ಮನೆಯಿಂದ ಕುರ್ಚಿ ತಂದವನು ನಾನು.

ಅಂದು ಕೊಯ್ದು ಎತ್ತಿಟ್ಟಿದ್ದ ರೆಕ್ಕೆಯನ್ನು ಈ ವರ್ಷ ಅಂಟಿಸಿಬಿಡೋಣವೆಂದು ವಿಮಾನವನ್ನು ಮೇಜಿನ ಮೇಲೆ ತಂದಿಟ್ಟುಕೊಂಡಿದ್ದೆ. ಬೆಳಿಗ್ಗೆ ಅಕ್ಕನಿಗೆ ಫೋನಿನಲ್ಲಿ ಹೇಳಿದರೆ, "ಅಂಟಿಸ್ಬೇಡ ಕಣೋ, ಗ್ಯಾರೇಜ್‌ನವ್ರಿಗೆ ಕೆಲಸ ಇಲ್ದಂಗಾಗುತ್ತೆ," ಎಂದಳು. ಗೋಂದಿನ ಸೀಸೆಯ ಮುಚ್ಚಳ ಹಾಕಿಟ್ಟಿದ್ದೇನೆ.

ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಮೂರು ವರ್ಷಗಳಿಂದ ಮತ್ತೆ ಗೊಂಬೆ ಕೂರಿಸುತ್ತಿದ್ದೇವೆ. ಹಬ್ಬದ ಹಿಂದಿನ ಭಾನುವಾರ ಅಕ್ಕ ಬಂದು ಎರಡು ದಿನ ಉಳಿಯುತ್ತಾಳೆ. ಮಂಜುನಾಥ ಮತ್ತು ಉಳಿದಿಬ್ಬರೂ ಉಸಲಿಗೆ ಬರುತ್ತಾರೆ. ಅವರಿಗೆ ನಾನು ಕುರ್ಚಿ ಹಾಕುವುದಿಲ್ಲ. ಪಾರ್ಕು ಮಾಡಿದವರು ಯಾರೆಂದು ಕೇಳಿದರೆ, ನಮ್ಮಕ್ಕ ಎಂದಷ್ಟೇ ಹೇಳುತ್ತೇನೆ.