ಬರಿಗಾಲು, ಬೆನ್ನ ಮೇಲೊಂದು ಹೊರೆ

ಪುಸ್ತಕಕ್ಕೆ ಏಳು ಡಾಲರ್ ಬಿತ್ತು. ಅಂಗಡಿಯವನು ಹನ್ನೆರಡು ಹೇಳಿದ್ದ. ಅದರಲ್ಲಿದ್ದ ಇಂಕಾ ಎಂಬ ಹಳೇ ಸಾಮ್ರಾಜ್ಯದ ಚಕ್ರವರ್ತಿಗಳ ಬಗ್ಗೆ ನನಗೇನೂ ಕುತೂಹಲ ಇರಲಿಲ್ಲ. ಮಗಳ ಓದಿಗೆಂದು ಹೆಂಡತಿ ಅವಳನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿದ್ದಳು. ಭಾನುವಾರ ಲಿಟಲ್ ಇಂಡಿಯಾದ ಆ ಹಳೇ ಪುಸ್ತಕದಂಗಡಿಯಲ್ಲಿ ಚೌಕಾಸಿಗೆ ನಿಂತರೆ ಅರ್ಧ ಗಂಟೆಯಾದರೂ ಒಬ್ಬ ಮನುಷ್ಯ ನನ್ನೊಡನೆ ವಾದ ಮಾಡುತ್ತಿದ್ದ. ಅದಕ್ಕೇ ಕೊಂಡೆ.

ಎರಡು ಸಾವಿರದ ಏಳರ ಸುಮಾರು. ಟುವಾಸ್ ಕೈಗಾರಿಕಾ ಪ್ರದೇಶದಲ್ಲಿ ಹಳೇ ಪಂಪುಗಳನ್ನು ರಿಪೇರಿ ಮಾಡಿ ಮಾರುವ ನನ್ನ ವರ್ಕ್‌ಶಾಪಿಗೆ ಕೈತುಂಬ ಆರ್ಡರ್. ಹೆಲ್ಪರ್ ಆಗಿ ಈ ಪರದೇಶಕ್ಕೆ ಬಂದು ಮಾಲೀಕನಾದವನು ನಾನು. ಆ ಹೆಮ್ಮೆಗೆ ಕ್ಯಾಬಿನ್ನಿಗೆ ಕಾರ್ಪೆಟ್ ಹಾಕಿಸಿದ್ದೆ. ಕೆಲಸಗಾರರು ಗ್ರೀಸ್ ಮೆತ್ತಿದ ಬೂಟುಗಳನ್ನು ಬಾಗಿಲಲ್ಲೇ ಕಳಚಿ ಒಳಗೆ ಬರುತ್ತಿದ್ದರು.

ಮಧ್ಯಾಹ್ನ ಒಬ್ಬನೇ ಉಣ್ಣುತ್ತ ಪುಸ್ತಕ ತೆರೆದೆ. ಆ ಚಕ್ರವರ್ತಿ ಸೂರ್ಯನ ಮಗನಂತೆ. ಅವನ ಮಾತೇ ದೇವರ ಮಾತು. ಸತ್ತ ಮೇಲೂ ಅರಮನೆ ಅವನದೇ. ಒಣಗಿಸಿಟ್ಟ ದೇಹಕ್ಕೆ ದಿನವೂ ಎಡೆ, ಸೇವಕರು. ಪಟ್ಟಕ್ಕೆ ಬಂದ ಮಗ ತನ್ನ ಆಸ್ತಿಯನ್ನು ತಾನೇ ಗಳಿಸಬೇಕು. ಇದು ನನಗೆ ಹಿಡಿಸಿತು. ಮುಂದಿನ ಪುಟ ಹಿಡಿಸಲಿಲ್ಲ: ಎಂಥ ದೊಡ್ಡ ಸರದಾರನಾದರೂ ಅವನೆದುರಿಗೆ ಬರಿಗಾಲಲ್ಲಿ, ಬೆನ್ನ ಮೇಲೊಂದು ಹೊರೆ ಹೊತ್ತೇ ಬರಬೇಕಿತ್ತು.

ಅಷ್ಟರಲ್ಲಿ ಫೋರ್‌ಮನ್ ಬಂದ, ಗದಗಿನ ಕಡೆಯವನು. ಬರಿಗಾಲು, ಕೈಯಲ್ಲೊಂದು ಬೇರಿಂಗು.

“ಬಾ, ಊಟ ಮಾಡೋಣ.”

“ನಿಮ್ದಾಗ್ಲಿ ಸರ. ಇದು ಸವದೈತಿ, ತೋರಿಸಿ ಹೋಗೂಣಂತ ಬಂದೆ.”

ಅವನು ಹೋದ ಮೇಲೆ ಯೋಚಿಸಿದೆ. ಕೈಯಲ್ಲಿ ಏನೂ ಹಿಡಿಯದೆ, ಸುಮ್ಮನೆ ಮಾತಾಡಲೆಂದು ಆ ಬಾಗಿಲು ದಾಟಿದವರು ಒಬ್ಬರೂ ನೆನಪಾಗಲಿಲ್ಲ.

ಮರುದಿನ ಎಲ್ಲರಿಗೂ ಸ್ವೀಟ್ ಬಾಕ್ಸ್ ತಂದೆ. ಕಂಟೇನರಿನ ನೆರಳಲ್ಲಿ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ನಿಂತರು, ಥ್ಯಾಂಕ್ಸ್ ಹೇಳಿದರು, ನಾನು ಹೋಗಲೆಂದು ಕಾದರು. ಇಂಕಾ ರಾಜ್ಯದಲ್ಲಿ ಬಟ್ಟೆ, ಕಾಳು ಎಲ್ಲ ರಾಜನ ಉಗ್ರಾಣದಿಂದಲೇ ಹಂಚಿಕೆ ಎಂದು ಓದಿದ್ದು ಆಗ ಅರ್ಥವಾಯಿತು. ಕೊಡುವುದೊಂದೇ ಅವನ ಕೆಲಸ. ಅವನ ಹತ್ತಿರ ಚೌಕಾಸಿ ಮಾಡುವ ಧೈರ್ಯ ಯಾರಿಗಿದ್ದೀತು?

ಮತ್ತೊಂದು ದಿನ ಕಡಕ್ ರೊಟ್ಟಿಯ ಡಬ್ಬಿ ಮಾತ್ರ ಹಿಡಿದು ಹೋಗಿ, ಅವರು ಏಳುವ ಮೊದಲೇ ನೆಲಕ್ಕೆ ಕೂತೆ. ಫೋರ್‌ಮನ್ ಮುಂದೆ ಶೇಂಗಾ ಚಟ್ನಿಪುಡಿ, ನಮ್ಮ ಕಡೆಯ ಹಿಂಡಿ, ಇತ್ತು.

“ಸ್ವಲ್ಪ ಹಿಂಡಿ ಕೊಡೋ. ನನ್ನ ಹತ್ರ ಹಚ್ಚಿಕೊಳ್ಳಾಕ ಏನೂ ಇಲ್ಲ.”

ಅವನು ನನ್ನ ಮುಖ ನೋಡಿದ. ಆಮೇಲೆ ಡಬ್ಬಿ ನೋಡಿದ.

“ಕೊಡ್ತೀನ್ರಿ. ಒಂದು ರೊಟ್ಟಿ ಈ ಕಡಿ ಬರಬೇಕು.”

“ಅರ್ಧ.”

“ಅರ್ಧ ರೊಟ್ಟಿಗೆ ವಾಸನಿ ಅಷ್ಟ ಬರ್ತೈತ್ರಿ ಸರ.”

ಎಲ್ಲರೂ ನಕ್ಕರು. ಇಡೀ ರೊಟ್ಟಿ ಕೊಟ್ಟು ಸೋತೆ. ಊಟ ಮುಗಿಸಿ ನಾನೆದ್ದಾಗ ಮಾತ್ರ ಮತ್ತೆ ಎಲ್ಲರೂ ಎದ್ದು ನಿಂತರು. ಸಂಜೆ ನನ್ನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರೂ ಇರಲಿಲ್ಲ.

ನೀವು ನಾಲ್ಕು ಜನರಿಗೆ ಸಂಬಳ ಕೊಡುವವರಾದರೆ ಹೀಗೆ ಮಾಡಿ. ವಾರಕ್ಕೊಮ್ಮೆಯಾದರೂ ಅವರಿರುವ ಕಡೆಗೇ ಹೋಗಿ ಉಣ್ಣಿ. ಅವತ್ತು ಹಂಚಲು ಏನನ್ನೂ ಒಯ್ಯಬೇಡಿ. ನಿಮ್ಮ ಬುತ್ತಿಯಲ್ಲಿ ಏನಾದರೊಂದು ಕಡಿಮೆಯಿರಲಿ, ಅದನ್ನು ಬಾಯಿಬಿಟ್ಟು ಕೇಳಿ. ಅವರು ಬೆಲೆ ಹೇಳಿದರೆ ಚೌಕಾಸಿ ಮಾಡಿ, ಆದರೆ ಗೆಲ್ಲಬೇಡಿ.