ಖಾಲಿ ಹಾಳೆಯ ಕೆಳಗೆ ಅಪ್ಪನ ಸಹಿ

ನಮ್ಮೂರಲ್ಲಿ ಮದುವೆ ಮಾತುಕತೆಯ ಯಾದಿ ಬರೆದರೂ, ಅಣ್ಣತಮ್ಮಂದಿರು ಹೊಲ ಪಾಲು ಮಾಡಿ ವಾಟ್ನಿ ಬರೆದುಕೊಂಡರೂ ಸಾಕ್ಷಿಗೆ ಅಪ್ಪನ ಸಹಿ ಬೇಕು. ಅಪ್ಪ ದರ್ಜಿ, ಅಂಗಡಿ ಪೊಲೀಸ್ ಠಾಣೆಯ ಎದುರಿಗೇ. ಅವನ ಸಹಿ ಬಿದ್ದ ಕಾಗದವನ್ನು ಯಾರೂ ಮತ್ತೆ ಓದುತ್ತಿರಲಿಲ್ಲ. ಅದರ ಬಗ್ಗೆ ಅವನಿಗೆ ಸಣ್ಣ ಜಂಬವೂ ಇತ್ತು. ಸಹಿ ಹಾಕುವ ಮೊದಲು ಕನ್ನಡಕ ಒರೆಸಿಕೊಳ್ಳುವ ಗತ್ತು ನೋಡಿ ಅವ್ವ ನಗುತ್ತಿದ್ದಳು.

ಠಾಣೆಯವರಿಗೂ ಅಪ್ಪ ಬೇಕಾದವನೇ. ಹೊಲಿಗೆ ಬಿಚ್ಚಿದ ಖಾಕಿ ಪ್ಯಾಂಟಿನ ಜೊತೆ ಹವಾಲ್ದಾರರು ಬಿಳಿ ಹಾಳೆಯನ್ನೂ ತರುತ್ತಿದ್ದರು. "ಕಾಕಾ, ಪಂಚನಾಮಾಕ್ಕ ಸಾಕ್ಷಿ ಬೇಕು. ಕೆಳಗ ಒಂದು ಸಹಿ ಮಾಡ್ರಿ, ಆಮ್ಯಾಲೆ ಬರಕೋತೀವಿ."

ಪಂಚನಾಮೆ ಎಂದರೆ ಕಳವಿನ ಮಾಲು ಸಿಕ್ಕ ಜಾಗಕ್ಕೆ ಹೋಗಿ, ಕಣ್ಣಾರೆ ನೋಡಿ ಸಹಿ ಮಾಡಬೇಕಾದದ್ದು. ಅಪ್ಪ ಮಷೀನು ಬಿಟ್ಟು ಏಳುತ್ತಲೂ ಇರಲಿಲ್ಲ. ಸರ್ಕಾರದ ಮಂದಿ ಸುಳ್ಳು ಯಾಕೆ ಬರೆದಾರು ಎಂಬ ನಂಬಿಕೆ. ಪದವಿ ಮುಗಿಸಿದ ನಾನು ಪಕ್ಕದಲ್ಲೇ ಕೂತು ಗುಂಡಿ ಹಚ್ಚುತ್ತಿದ್ದೆ. ಒಂದು ದಿನವೂ ಬೇಡ ಎನ್ನಲಿಲ್ಲವಲ್ಲ ಎಂದು ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಹಿಂದಿನ ಓಣಿಯಲ್ಲಿ ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್ ಇದ್ದ. ಸಿಂಗಟಾಲೂರಿನ ತನಕ ಬೈಕಿನಲ್ಲಿ ಹೋಗಿ ರೈತರ ಮೋಟರು ರಿಪೇರಿ ಮಾಡಿ ಬರುತ್ತಿದ್ದ. ಮೋಟರು ಕದ್ದನೆಂದು ಅವನನ್ನು ಒಯ್ದರು. ಜಾಮೀನಿಗೆ ಯಾರೂ ನಿಲ್ಲದೆ ಎಂಟು ತಿಂಗಳು ಜೇಲಿನಲ್ಲೇ ಉಳಿದ. "ಹುಡುಗ ಛಲೋ ಇದ್ದ, ಬುದ್ಧಿ ಯಾಕ ಕೆಡ್ತೋ" ಎಂದು ಅಪ್ಪನೂ ಮರುಗಿದ್ದ.

ಅವನಿನ್ನೂ ಜೇಲಿನಲ್ಲಿದ್ದಾಗಲೇ, ಸಾಕ್ಷಿ ಹೇಳಲು ಅಪ್ಪನಿಗೇ ಕೋರ್ಟಿನ ಸಮನ್ಸ್ ಬಂತು. ಮೆಕ್ಯಾನಿಕ್ಕಿನ ಹಿತ್ತಲಲ್ಲಿ ಕಳವಿನ ಮೋಟರು ಸಿಕ್ಕಾಗ ಅಪ್ಪ ಅಲ್ಲೇ ನಿಂತು ನೋಡಿದ್ದ ಎಂದು ಪಂಚನಾಮೆಯಲ್ಲಿತ್ತು. "ನಾ ಆ ಹಿತ್ತಲದಾಗ ಕಾಲಿಟ್ಟಿಲ್ಲ" ಎಂದ ಅಪ್ಪ. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಹವಾಲ್ದಾರರು ಅಂಗಡಿಗೆ ಬಂದರು. "ಹೌದು ಅಂತ ಅಂದು ಬಂದುಬಿಡ್ರಿ ಕಾಕಾ. ಮ್ಯಾಲಿನವರು ಹೇಳಿದಂಗ ಮಾಡೀನಿ. ನನಗೂ ಮಕ್ಕಳದಾವ." ಅವರ ಮುಖ ಇಳಿದು ಹೋಗಿತ್ತು. ಬಯ್ಯಬೇಕೆಂದಿದ್ದೆ, ಒಂದು ಲೋಟ ನೀರು ಕೊಟ್ಟೆ.

ಅವರು ಹೋದ ಮೇಲೆ ನಾನೇ ಹೆದರಿದೆ. "ಯಪ್ಪಾ, ನಾಳೆ ಕೇಸು ನಿನ್ನ ಮ್ಯಾಲ ಬಂದ್ರ?"

"ಬರಲಿ. ಸಹಿ ನಂದ ಐತಲ್ಲ."

ಕೋರ್ಟಿನಲ್ಲಿ ಅಪ್ಪ ಇದ್ದದ್ದನ್ನು ಇದ್ದಹಾಗೆ ಹೇಳಿದ. ಓದದೆ ಯಾಕೆ ಸಹಿ ಮಾಡಿದಿರಿ ಎಂದು ನ್ಯಾಯಾಧೀಶರು ಕೇಳಿದರು.

"ಹಾಳಿ ಖಾಲಿ ಇತ್ರಿ ಸಾಹೇಬ್ರ. ಪೊಲೀಸರು ಅಂತ ನಂಬಿದ್ನಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಪ್ಪ ತಲೆ ತಗ್ಗಿಸಿಕೊಂಡೇ ಕಟಕಟೆಯಿಂದ ಕೆಳಗಿಳಿದ. ನನಗೆ ಮಾತ್ರ ಅವನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತ್ತು.

ಕೆಲವು ವಾರಗಳಲ್ಲಿ ಮೆಕ್ಯಾನಿಕ್ ಬಿಡುಗಡೆಯಾದ. ಮರುದಿನ ಅವನ ಹೆಂಡತಿ ಅಂಗಡಿಗೆ ಬಂದಳು. ಕೈ ಮುಗಿಯಲು ಬಂದಿದ್ದಾಳೆ ಎಂದುಕೊಂಡು ನಾನು ಸ್ಟೂಲು ಸರಿಸಿದೆ. ಅವಳು ಕೂಡಲಿಲ್ಲ.

"ಕಾಕಾ, ಪೊಲೀಸರು ಏನು ಹೇಳಿದ್ರೂ ನಾ ನಂಬಿರಲಿಲ್ರಿ," ಎಂದಳು. "ಆಮ್ಯಾಲೆ ನಿಮ್ಮ ಸಹಿ ತೋರಿಸಿದ್ರು. ಅದನ್ನ ನೋಡಿ, ನಮ್ಮನಿಯವರು ಖರೇನ ಕಳವು ಮಾಡ್ಯಾರ ಅಂತ ತಿಳದು, ಎಂಟು ತಿಂಗಳು ಅವರ ಮುಖ ನೋಡಾಕ ನಾ ಜೇಲಿಗೆ ಹೋಗಲಿಲ್ಲ."